ತಗ್ಗು ಸೇತುವೆಯ ಆಚೆ

ಮಾತು ಬಾಯಿಂದ ಜಾರಿದ ಮೇಲೆ ಗೇಟಣ್ಣ ನಾಲಿಗೆ ಕಚ್ಚಿಕೊಂಡ. “ಭಾನುವಾರ ಗೇಟು ಎತ್ತುತ್ತೀವಿ, ಬನ್ನಿ” ಎಂದು ಫೋನಿನಲ್ಲಿ ಮಗಳಿಗೆ ಹೇಳಿಯಾಗಿತ್ತು. ಅಂದು ಇನ್ನೂ ಗುರುವಾರ. ಅಣೆಕಟ್ಟು ತುಂಬಲು ಎರಡು ಅಡಿ ಬಾಕಿ. ಗೇಟು ಎತ್ತುವ ಆದೇಶ ಬರಬೇಕಾದದ್ದು ಇಂಜಿನಿಯರ್ ಮೇಡಂ ಅವರಿಂದ. ಆದೇಶ ಬಂದು, ಸೈರನ್ ಕೂಗಿ, ಮೈಕಿನಲ್ಲಿ ಪ್ರಕಟಣೆಯಾದ ಮೇಲೆಯೇ ಅದು ಲೋಕಕ್ಕೆ ತಿಳಿಯಬೇಕು. ಲೋಕ ಎಂದರೆ ಅದರಲ್ಲಿ ಹೆಂಡತಿ ಮಕ್ಕಳೂ ಸೇರಿದರು ಎಂಬುದು ಇಷ್ಟು ವರ್ಷ ಅವನು ಪಾಲಿಸಿಕೊಂಡು ಬಂದ ನಿಯಮ.

ಕೆಲಸಕ್ಕೆ ಸೇರಿದಂದಿನಿಂದ ಆ ಅಣೆಕಟ್ಟಿನ ಗೇಟುಗಳನ್ನು ಏರಿಸಿ ಇಳಿಸುವುದೇ ಅವನ ಕಸುಬು. ಸರ್ಕಾರದ ದಾಖಲೆಯಲ್ಲಿ ಬೇರೆ ಹೆಸರಿದೆ. ಅಣೆಕಟ್ಟಿನ ನೌಕರರ ಕಾಲೊನಿಯಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸರು, ಗೇಟಣ್ಣ ಎಂದರೆ ಕೂಸು ಕೂಡ ತೋರಿಸುತ್ತದೆ. ಹೆಂಡತಿ ಇದ್ದಾಗ ಪ್ರತಿ ಮಳೆಗಾಲವೂ ಅದೇ ಜಗಳ.

“ಊರಿಗೆಲ್ಲ ಕಿವಿ ಕಿತ್ತುಹೋಗೋ ಹಾಗೆ ಕೂಗಿಸ್ತೀರಿ, ನನ್ನ ಹತ್ರ ಮಾತ್ರ ಬಾಯಿಗೆ ಬೀಗ. ನಾನೇನು ಶತ್ರು ಪಾಳಯದವಳಾ?”

“ನಿನಗೆ ಹೇಳಿದ್ರೆ ಪಕ್ಕದ ಮನೆಗೆ ಹೋಗುತ್ತೆ. ಪಕ್ಕದ ಮನೆಯಿಂದ ಪೇಟೆಗೆ ಹೋಗುತ್ತೆ.”

“ಹೋದ್ರೆ ಹೋಗಲಿ. ಕೆಂಡ ಮಾಡ್ಕೊಳ್ಳೋಕಾದ್ರೂ ಟೈಮ್ ಬೇಡ್ವಾ ನನಗೆ?”

ಕೆಂಡ ಬೇಕಾಗುತ್ತಿದ್ದುದು ಮುಸುಕಿನ ಜೋಳ ಸುಡಲು. ಸೈರನ್ ಕೂಗಿದ ಕೂಡಲೇ ಅವಳು ಒಲೆಗೆ ಇದ್ದಿಲು ಸುರಿದು, ತೆನೆ ಸುಟ್ಟು, ಉಪ್ಪು ಕಾರ ನಿಂಬೆಹಣ್ಣು ಉಜ್ಜಿ, ಬಟ್ಟೆಯಲ್ಲಿ ಸುತ್ತಿ, ಮಗಳ ಕೈ ಹಿಡಿದು ಕಟ್ಟೆಯ ಮೇಲಕ್ಕೆ ಓಡಿ ಬರುತ್ತಿದ್ದಳು. ಗೇಟು ನಡೆಸುವ ಕ್ಯಾಬಿನ್ನಿನ ಒಳಗೆ ಮನೆಯವರು ಹೋಗುವಂತಿಲ್ಲ. ಗೇಟಣ್ಣನ ಪಾಲಿನ ತೆನೆ ಕಾವಲುಗಾರನ ಕೈಗೆ, ಅಲ್ಲಿಂದ ಕಿಟಕಿಗೆ. ತಾಯಿ ಮಗಳು ಕಂಬಿಯ ಪಕ್ಕ ಒಂದೇ ಕೊಡೆಯಡಿ ನಿಂತು ತಿನ್ನುತ್ತಿದ್ದರು. ಇನ್ನೊಂದು ಗೇಟು ಏಳಲಿದೆ ಎಂದಾಗ ಗೇಟಣ್ಣ ತನ್ನ ಹಳದಿ ಮಳೆಕೋಟನ್ನು ಕ್ಯಾಬಿನ್ ಕಿಟಕಿಯ ಹೊರಗೆ ತೂಗುಹಾಕುತ್ತಿದ್ದ. ಅದು ಮಗಳಿಗೆ ಮಾತ್ರ ಗೊತ್ತಿದ್ದ ಸನ್ನೆ. ಸುತ್ತ ಮುತ್ತಿದ ಪ್ರವಾಸಿಗರು ಎತ್ತಲೋ ನೋಡುತ್ತಿರುವಾಗ ಅವಳೊಬ್ಬಳು ಸರಿಯಾದ ಗೇಟಿನ ಕಡೆ ಬೆರಳು ತೋರಿಸಿ, “ಈಗ ಅದು!” ಎನ್ನುವಳು. ಅದು ಏಳುವುದು. ಪಕ್ಕದವರು ಬೆರಗಾಗಿ ಅವಳನ್ನು ನೋಡುವರು. ನಿಯಮ ಮುರಿದಂತೆ ಆಗುತ್ತಿರಲಿಲ್ಲ. ಸೈರನ್ ಅಷ್ಟರಲ್ಲಿ ಕೂಗಿ ಆಗಿರುತ್ತಿತ್ತು.

ಆ ಮಗಳು ಈಗ ಹೊಳೆಯ ಆಚೆ ದಡದ ಪೇಟೆಯಲ್ಲಿ ಗಂಡನ ಜೊತೆ ಬೇಕರಿ ನಡೆಸುತ್ತಾಳೆ. ಮಳೆ ಬಂದರೆ ಬಿಸಿ ಬನ್ನು, ಬಿಸಿ ಚಹಾ ಎಂದು ಜನ ಸಾಲುಗಟ್ಟುವುದರಿಂದ ಮಳೆಗಾಲದಲ್ಲಿ ಅಂಗಡಿ ಬಿಟ್ಟು ಅಲ್ಲಾಡುವಂತಿಲ್ಲ. ತವರಿಗೆ ಬರುವುದೇನಿದ್ದರೂ ಬೇಸಿಗೆಯಲ್ಲಿ. ಹೋದ ಚಳಿಗಾಲ ತಾಯಿ ತೀರಿಕೊಂಡ ಮೇಲೆ ಅದೂ ಕಡಿಮೆಯಾಗಿತ್ತು. ಐದು ವರ್ಷದ ಮೊಮ್ಮಗಳು, ಕೆನ್ನೆ ನೋಡಿ ಅಂಗಡಿಯವರೆಲ್ಲ ಬನ್ನು ಎಂದು ಕರೆಯುವವಳು, ತಾತ ಗೇಟು ಎತ್ತುವುದನ್ನು ಕಥೆಯಲ್ಲಿ ಕೇಳಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಈ ಮಳೆಗಾಲ ಮುಗಿದರೆ ಗೇಟಣ್ಣನಿಗೆ ನಿವೃತ್ತಿ. ಆಮೇಲೆ ಆ ಗುಂಡಿ ಒತ್ತುವ ಕೈ ಬೇರೆಯವರದು. ತೋರಿಸುವುದಿದ್ದರೆ ಇದೇ ಸಲ.

ಹಾಗಿರುವಾಗ ಮಗಳು ಫೋನ್ ಮಾಡಿ, “ಅಪ್ಪ, ಓವನ್ನಿನ ಒಳಗೋಡೆ ಕಿತ್ತುಬಂದಿದೆ. ಇಟ್ಟಿಗೆ ಕೆಲಸ. ಭಾನುವಾರ ಒಂದಿನ ಅಂಗಡಿ ಬಂದ್” ಎಂದಳು. ಆಮೇಲೆ ತುಸು ತಡೆದು, “ಅವತ್ತು ಗೇಟು ತೆಗೆಯೋದಿದ್ರೆ ಬನ್ನುನ ಕರ್ಕೊಂಡು ಬರಬಹುದಿತ್ತು. ನಿನ್ನ ಕೇಳಿ ಏನು ಪ್ರಯೋಜನ, ನೀನಂತೂ ಹೇಳಲ್ಲ” ಎಂದಳು. ಆಗಲೇ ಗೇಟಣ್ಣನ ಬಾಯಿಂದ ಆ ಮಾತು ಬಂದದ್ದು.

ಮಗಳು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ ಸದ್ದು.

“ಅಪ್ಪ, ಹುಷಾರಾಗಿದ್ದೀಯ ತಾನೆ?”

“ಯಾಕೆ?”

“ಅಲ್ಲ, ನೀನೇ ಹೇಳ್ತಿದ್ದೀಯಲ್ಲ! ಅಮ್ಮ ಇದ್ದಿದ್ರೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡ್ತಿದ್ಲು.”

ಇಬ್ಬರೂ ನಕ್ಕರು.

ಮುಂದಿನ ಎರಡು ದಿನ ಗೇಟಣ್ಣ ಜಲಾಶಯದ ಅಳತೆಗೋಲನ್ನು ಒಲೆ ಮೇಲಿನ ಹಾಲು ಕಾದಂತೆ ಕಾದ. ಶುಕ್ರವಾರ ಮಳೆ ಕೈಕೊಟ್ಟಿತು. ಬಿಸಿಲೂ ಬಂತು. ಕಾಲೊನಿಯ ಹೆಂಗಸರು ಖುಷಿಯಿಂದ ಹಾಸಿಗೆ ಒಣಗಹಾಕುತ್ತಿದ್ದರೆ ಇವನು ಆಕಾಶದ ಕಡೆ ಮುಖ ಸಿಂಡರಿಸಿಕೊಂಡು ನಿಂತ. ಹೊಳೆಯ ಮೇಲ್ಭಾಗದಲ್ಲಿ ಮಳೆ ಅಳೆಯುವ ಕೇಂದ್ರಕ್ಕೆ ಫೋನ್ ಮಾಡಬೇಕಾದದ್ದು ದಿನಕ್ಕೆ ಎರಡು ಸಲ. ಅವನು ಮತ್ತೆ ಮತ್ತೆ ಮಾಡಿದ. ಅಲ್ಲಿನ ನೌಕರ ಕೊನೆಗೆ, “ಮಳೆ ನನ್ನ ಜೇಬಿನಲ್ಲಿ ಇಲ್ಲ ಕಣಣ್ಣ, ಬಂದ್ರೆ ನಾನೇ ಹೇಳ್ತೀನಿ” ಎಂದು ಬೈದ.

ಶನಿವಾರ ಮಧ್ಯಾಹ್ನದಿಂದ ಮೋಡ ಮತ್ತೆ ಕಟ್ಟಿತು. ಗೇಟಣ್ಣ ಸಂತೆಗೆ ಹೋಗಿ ಸಿಪ್ಪೆ ಬಿಡಿಸದ ಎಳೆ ತೆನೆಗಳನ್ನು ಒಂದೊಂದಾಗಿ ಉಗುರಿನಲ್ಲಿ ಚುಚ್ಚಿ, ಹಾಲು ಬಂದದ್ದನ್ನೇ ಆರಿಸಿ ತಂದ. ಅಂಗಡಿಯವಳು, “ಹೆಣ್ಣು ನೋಡೋಕೆ ಬಂದೋರೂ ಇಷ್ಟು ಪರೀಕ್ಷೆ ಮಾಡಲ್ಲ” ಎಂದಳು. ತೆನೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟ. ಕೋಳಿ ತಂದು ಸೂಪಿಗೆ ಹೆಚ್ಚಿಟ್ಟ. ಹೆಂಡತಿ ಹೋದ ಮೇಲೆ ಬಳಸದೆ ಬಿದ್ದಿದ್ದ ಇದ್ದಿಲ ಒಲೆಯ ತುಕ್ಕು ಕೆರೆದ. ನಡುಮನೆಯಲ್ಲಿ ಒಣಗಲು ಕಟ್ಟಿದ್ದ ಅಂಗಿ ಪ್ಯಾಂಟುಗಳನ್ನೆಲ್ಲ ತೆಗೆದು ಒಳಕೋಣೆಗೆ ತಳ್ಳಿದ. ಒಬ್ಬನೇ ಇರುವ ಮನೆಯಲ್ಲಿ ಬಟ್ಟೆ ಎಲ್ಲಿ ಒಣಗಿದರೂ ಕೇಳುವವರಿರಲಿಲ್ಲ, ಹಾಗಾಗಿ ಮಳೆ ಶುರುವಾದಾಗಿನಿಂದ ಹಗ್ಗ ನಡುಮನೆಯಲ್ಲೇ ಇತ್ತು. ಹಗ್ಗವನ್ನೂ ಬಿಚ್ಚಿದ. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು.

ಮೊಮ್ಮಗಳನ್ನು ಕಟ್ಟೆಯ ಒಳಗಿನ ದಾರಿಯಲ್ಲಿ ಕರೆತರಲು ಪಾಸು ಬೇಕಿತ್ತು. ಇಂಜಿನಿಯರ್ ಮೇಡಂ ರುಜು ಹಾಕುತ್ತ ಕೇಳಿದರು, “ಭಾನುವಾರಕ್ಕೇನಾ? ಭಾನುವಾರ ಗೇಟು ತೆಗೀತೀವಿ ಅಂತ ನನಗೇ ಗೊತ್ತಿಲ್ವಲ್ಲ ಅಣ್ಣ!”

ಗೇಟಣ್ಣ ನೆಲ ನೋಡಿದ. ಅವರು ನಕ್ಕು ಪಾಸನ್ನು ಮುಂದಕ್ಕೆ ಸರಿಸಿದರು. “ಹೋಗ್ಲಿ ಬಿಡಿ. ಮಗು ಬಂದಾಗ ನನಗೂ ತೋರಿಸಿ.”

ಭಾನುವಾರ ಬೆಳಕು ಹರಿಯುವ ಮೊದಲೇ ಮೇಲ್ಭಾಗದಲ್ಲಿ ಮಳೆ ಕಚ್ಚಿಕೊಂಡಿತ್ತು. ಒಳಹರಿವು ಏರಿ, ನೀರು ಗುರುತಿನ ಗೆರೆ ಮುಟ್ಟಿತು. ಬೆಳಗಿನ ಚಹಾದ ಹೊತ್ತಿಗೆ ಆದೇಶ ಬಂತು. ಗೇಟಣ್ಣನ ಎದೆ ಹಗುರಾಯಿತು. ಸೈರನ್ನಿನ ಗುಂಡಿ ಒತ್ತಿದ. ಮೂರು ಸಲ, ಉದ್ದಕ್ಕೆ. ಆಮೇಲೆ ಮೈಕು ಹಿಡಿದು, ವರ್ಷಗಟ್ಟಲೆ ಹೇಳಿ ಹೇಳಿ ಬಾಯಿಗೆ ಒಗ್ಗಿದ್ದ ಪ್ರಕಟಣೆಯನ್ನು ಹೇಳಿದ. “ಗಮನಿಸಿ. ಜಲಾಶಯದಿಂದ ನದಿಗೆ ನೀರು ಬಿಡಲಾಗುತ್ತಿದೆ. ನದಿ ಪಾತ್ರದಲ್ಲಿರುವವರು ಎತ್ತರದ ಜಾಗಕ್ಕೆ ಹೋಗಬೇಕು. ದನಕರುಗಳನ್ನು ನೀರಿಗೆ ಇಳಿಸಬಾರದು. ತಗ್ಗು ಸೇತುವೆಗಳನ್ನು ಯಾರೂ ದಾಟಬಾರದು.” ಬಾಯಿ ಹೇಳಿತು. ಕಿವಿ ಕೇಳಿಸಿಕೊಳ್ಳಲಿಲ್ಲ. ಅವನ ಗಮನವೆಲ್ಲ ಹೆಚ್ಚಿಟ್ಟ ಕೋಳಿಯ ಮೇಲಿತ್ತು. ಸೂಪಿನ ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟು ನೋಡಿಕೊಳ್ಳಲು ಪಕ್ಕದ ಮನೆಯಾಕೆಗೆ ಹೇಳಿ ಬಂದಿದ್ದ.

ಮೊದಲು ನಡುವಿನ ಗೇಟು, ಆಮೇಲೆ ಅದರ ಎಡಬಲದವು. ಹಾಗೆ ಎತ್ತಿದರೆ ನೀರಿನ ಹೊಡೆತ ಒಂದೇ ಕಡೆ ಬೀಳುವುದಿಲ್ಲ. ಮೋಟಾರು ನರಳಿ, ಸರಪಳಿ ಬಿಗಿದು, ನಡುವಿನ ಗೇಟು ಮೇಲೆದ್ದಾಗ ಬಿಳಿ ನೀರು ಇಳಿಜಾರಿನಲ್ಲಿ ಧುಮುಕಿತು. ಕಂಬಿಯ ಬಳಿ ಆಗಲೇ ನೆರೆದಿದ್ದ ಜನ ಓ ಎಂದು ಕೂಗಿದರು. ನೀರಿನ ಹೊಗೆ ಎದ್ದು ಕಿಟಕಿಯ ಗಾಜಿಗೆ ಬಡಿಯಿತು. ಒಂದು ಸಂಸಾರ ಬುತ್ತಿ ಬಿಚ್ಚಿತ್ತು. ಒಬ್ಬ ಗಂಡಸು ತನ್ನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಹತ್ತರ ಸುಮಾರಿಗೆ ತನ್ನವರೂ ಅಲ್ಲೇ ನಿಂತಿರುತ್ತಾರೆ ಎಂದು ಗೇಟಣ್ಣ ಅಂದುಕೊಂಡ. ಎರಡನೆಯ ಸುತ್ತಿನಲ್ಲಿ ಉಳಿದ ಗೇಟುಗಳಿಗೆ ಆದೇಶ ಬರುವಾಗ ಬನ್ನು ಇಲ್ಲಿದ್ದರೆ ಸಾಕು. ಕೋಟು ಹೊರಗೆ ಹಾಕುತ್ತೇನೆ. ಮಗಳು ಅವಳಿಗೆ ಹೇಳಿಕೊಟ್ಟೇ ಕೊಟ್ಟಿರುತ್ತಾಳೆ.

ಹತ್ತು ದಾಟಿತು. ಫೋನ್ ಬಂತು.

“ಅಪ್ಪ, ಇಲ್ಲಿ ಪೊಲೀಸ್‌ನೋರು ಹಗ್ಗ ಕಟ್ಟಿದ್ದಾರೆ.”

“ಎಲ್ಲಿ?”

“ಸೇತುವೆ ಹತ್ರ. ಸೇತುವೆ ಎಲ್ಲಿದೆ ಅಂತ ನೀನೇ ಹೇಳ್ಬೇಕು ಈಗ. ಬರೀ ನೀರು. ಅರ್ಧ ಗಂಟೆ ಮುಂಚೆ ಬಂದಿದ್ರೆ ದಾಟಬಹುದಿತ್ತಂತೆ. ಕೇಕು ಪ್ಯಾಕ್ ಮಾಡ್ತಾ ತಡ ಆಯ್ತು.”

ಗೇಟಣ್ಣ ಕುರ್ಚಿಯಿಂದ ಎದ್ದ. ಬೆಳಿಗ್ಗೆ ಬಾಯಿ ಹೇಳಿದ್ದು ಆಗ ಕಿವಿಗೆ ಬಿತ್ತು.

ಈಚೆ ದಡಕ್ಕೆ ಬರಲು ಮಗಳಿಗಿದ್ದ ಹತ್ತಿರದ ದಾರಿ ಆ ತಗ್ಗು ಸೇತುವೆ. ಇಲ್ಲಿಂದ ಬಿಟ್ಟ ನೀರು ಅಲ್ಲಿಗೆ ಮುಟ್ಟಲು ಎರಡು ತಾಸು ಬೇಕು, ಮೂರು ಗೇಟು ಎತ್ತಿದರೆ ಅದು ಮುಳುಗುತ್ತದೆ. ಇದು ಅವನಿಗೆ ಗೊತ್ತಿರದ ವಿಷಯವಲ್ಲ. ಎದುರಿನ ಗೋಡೆಯ ಮೇಲಿನ ಹಲಗೆಯಲ್ಲೇ ಬರೆದಿದೆ. ಆದರೆ ಅವನ ಕಡೆಯ ನೆಂಟರೆಲ್ಲ ಈಚೆ ದಡದವರು. ಮಗಳು ಮದುವೆಯಾಗಿ ಆಚೆ ಹೋದ ಮೇಲೆ ಬಂದದ್ದೆಲ್ಲ ಸೇತುವೆಯ ಕೆಳಗೆ ನೀರು ಗೆರೆಯಷ್ಟು ಹರಿಯುವ ಬೇಸಿಗೆಯಲ್ಲಿ. ಗೇಟು ತೆಗೆದರೆ ಸೇತುವೆ ಮುಳುಗುವುದು ಗೊತ್ತಿತ್ತು. ಮಗಳು ಸೇತುವೆಯ ಮೇಲೆ ಬರುವುದೂ ಗೊತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ, ಅಷ್ಟೆ. ಯಾವ ದಿನ ಬಂದರೆ ಗೇಟು ತೆರೆದದ್ದು ಕಾಣುವುದೋ ಆ ದಿನ ಮಗಳು ಬರಲಾರಳು.

“ನನ್ನದೇ ತಪ್ಪು” ಎಂದ.

ಅಳಿಯ ಫೋನು ಕಸಿದುಕೊಂಡಂತಿತ್ತು. “ಮಾವ, ಆ ಕಡೆ ಗೇಟು ತೆಗೆದು ಈ ಕಡೆ ಬಾಗಿಲು ಹಾಕಿದ್ರಲ್ಲ! ಬರಬೇಡಿ ಅನ್ನೋಕೆ ಇಷ್ಟೊಂದು ನೀರು ಖರ್ಚು ಮಾಡ್ಬೇಕಿತ್ತಾ?”

“ಸುತ್ತು ದಾರಿ…”

“ದೊಡ್ಡ ಸೇತುವೆ ಮೇಲೆ ಬಂದ್ರೆ ಸಂಜೆ ಆಗುತ್ತೆ ಮಾವ. ಬೆಳಗಿನ ಜಾವ ಹಿಟ್ಟು ನಾದೋಕೆ ನಾನಿರಬೇಕು. ಇರಿ, ಇಲ್ಲಿ ನಿಮ್ಮ ಮೊಮ್ಮಗಳು ನನ್ನ ಅಂಗಿ ಹರಿದುಹಾಕ್ತಿದ್ದಾಳೆ.”

ಬನ್ನುವಿನ ಧ್ವನಿ ಕಿವಿಗೆ ಅಪ್ಪಳಿಸಿತು. “ತಾತ! ಸೇತುವೆ ಮುಳುಗೋಯ್ತು! ಒಂದು ಮರ ಹೋಯ್ತು, ಬೇರು ಸಮೇತ! ಅದರ ಮೇಲೆ ಕಾಗೆ ಕೂತಿತ್ತು!”

“ಹೌದಾ? ಕಾಗೆ ಟಿಕೆಟ್ ತಗೊಂಡಿತ್ತಾ?”

“ಇಲ್ಲ! ಹಾಗೇ ಹೋಯ್ತು! ತಾತ, ಇದು ನಿನ್ನ ನೀರಾ?”

“ನನ್ನದೇ ಕಣೇ. ಬೆಳಿಗ್ಗೆ ಕಳಿಸಿದ್ದು.”

“ಕೆಂಪಗಿದೆ. ಚಹಾ ಥರ ಇದೆ.”

ಮಗಳು ಮತ್ತೆ ಬಂದಳು. “ಅಪ್ಪ, ಒಂದು ಅರ್ಧ ಗಂಟೆ ಗೇಟು ಮುಚ್ಚೋಕಾಗಲ್ವಾ? ಸುಮ್ನೆ ನಾವು ದಾಟೋವರೆಗೆ.”

“ಈಗ ಮುಚ್ಚಿದ್ರೂ ಅಲ್ಲಿ ನೀರು ಇಳಿಯೋ ಹೊತ್ತಿಗೆ ಮಧ್ಯಾಹ್ನ ಆಗುತ್ತಮ್ಮ. ಆಮೇಲೆ ಇಲ್ಲಿ ಮಟ್ಟ…”

“ತಮಾಷೆ ಮಾಡ್ದೆ ಅಪ್ಪ. ನಿನ್ನ ಹತ್ರ ತಮಾಷೆಗೂ ಲೆಕ್ಕದಲ್ಲೇ ಉತ್ತರ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಇರ್ಲಿ, ಸ್ವಲ್ಪ ಹೊತ್ತು ಕಾಯ್ತೀವಿ. ಇಳಿದ್ರೂ ಇಳೀಬಹುದು. ಇಲ್ಲೂ ಜಾತ್ರೆ ಥರ ಜನ. ವ್ಯಾನಿನ ಹಿಂದಿನ ಬಾಗಿಲು ಎತ್ತಿ ಅದರ ಕೆಳಗೇ ಕೂತ್ಕೊಂಡಿದ್ದೀವಿ.”

ಇಳಿಯಬಹುದು ಎಂಬುದು ಪೂರಾ ಸುಳ್ಳಾಗಿರಲಿಲ್ಲ. ನೀರು ಸೇತುವೆಯ ಮೇಲೆ ಈಗಷ್ಟೇ ಹತ್ತಿತ್ತು. ಮೇಲೆ ಮಳೆ ನಿಂತು, ಮಧ್ಯಾಹ್ನದ ಹೊತ್ತಿಗೆ ಒಳಹರಿವು ಬಿದ್ದರೆ ಎರಡು ಗೇಟು ಇಳಿಸುತ್ತಾರೆ. ಆಗ ಸಂಜೆಯೊಳಗೆ ಒಂದು ಗಳಿಗೆಯಾದರೂ ಮೊಮ್ಮಗಳ ಮುಖ ಕಾಣಬಹುದು. ಗೇಟಣ್ಣ ಮಳೆ ಕೇಂದ್ರದ ಫೋನಿಗೆ ಕಾದು ಕೂತ.

ನಡುನಡುವೆ ಮಗಳು ಫೋನ್ ಮಾಡುತ್ತಲೇ ಇದ್ದಳು. ಒಮ್ಮೆ ಅಳಿಯ ಕೇಕು ಕತ್ತರಿಸುವಾಗ ಮೇಲಿನಿಂದ ನೀರು ಸುರಿದು ಅರ್ಧ ಕೇಕು ಗಂಜಿಯಾಯಿತು ಎಂದು ಹೇಳಲು. ಒಮ್ಮೆ ಪಕ್ಕದ ಕಾರಿನವರು ಕರಿದ ಆಲೂಗಡ್ಡೆ ಕೊಟ್ಟರು, ಇವರು ಅಂಗಡಿಯ ಬನ್ನು ಕೊಟ್ಟರು ಎಂದು ಹೇಳಲು. ಹಿನ್ನೆಲೆಯಲ್ಲಿ ವ್ಯಾನಿನ ತಗಡಿನ ಮೇಲೆ ಮಳೆ ಸದ್ದು, ಯಾರದೋ ನಗು, ಬನ್ನು ಯಾವುದೋ ಗೆಳತಿಯ ಜೊತೆ ಕೆಸರಿನಲ್ಲಿ ಕುಣಿಯುವ ಸದ್ದು. “ಒದ್ದೆ ಆಗಬೇಡ್ವೇ!” ಎಂದು ಅಳಿಯ ಕೂಗುವುದು, “ಆಗ್ಲಿ ಬಿಡಿ, ಮಳೆಗಾಲದಲ್ಲಿ ಅಲ್ಲದೆ ಇನ್ಯಾವಾಗ ಆಗ್ತಾಳೆ?” ಎಂದು ಮಗಳು ಹೇಳುವುದು. ತಾಯಿಯ ಮಾತೇ ಅದು. ಅದೇ ಎಳೆತ. ಗೇಟಣ್ಣ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಅವರು ಅಲ್ಲಿ ಸಂತೋಷವಾಗಿದ್ದರು. ಅದಕ್ಕೆ ಅವನಿಗೂ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಫೋನ್ ಕಟ್ಟಾದ ಮೇಲೆ ಕ್ಯಾಬಿನ್ನು ಮೊದಲಿಗಿಂತ ಚಿಕ್ಕದಾದಂತೆ ಅನಿಸುತ್ತಿತ್ತು.

ಇಂಜಿನಿಯರ್ ಮೇಡಂ ಕೊಡೆ ಕೊಡವುತ್ತ ಒಳಗೆ ಬಂದರು. “ಎಲ್ಲಿ, ಮಗು ಬಂತಾ?”

“ಆಚೆ ದಡದಲ್ಲಿದ್ದಾರೆ ಮೇಡಂ. ಸೇತುವೆ ಮುಳುಗಿದೆ.”

ಅವರು ಅವನ ಮುಖ ನೋಡಿದರು, ಹಲಗೆ ನೋಡಿದರು. “ಅಯ್ಯೋ ಅಣ್ಣ” ಎಂದರು. ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು. ಎರಡು ಗೇಟು ಇಳಿಸಬಹುದೇ ಮೇಡಂ ಎಂಬ ವಾಕ್ಯ ಗೇಟಣ್ಣನ ಗಂಟಲಿನವರೆಗೆ ಬಂದಿತ್ತು. ಕೇಳಿದರೆ ಅವರು ಇಲ್ಲವೆನ್ನಬೇಕು, ಇಲ್ಲವೆನ್ನಲು ಅವರಿಗೆ ಕಷ್ಟವಾಗಬೇಕು. ಉಗುಳು ನುಂಗಿದಂತೆ ಅದನ್ನು ನುಂಗಿದ.

ಮಳೆ ಕೇಂದ್ರದ ಫೋನ್ ಬಂದಾಗ ಮೇಡಂ ಎತ್ತಿದರು. ಕೇಳುತ್ತ ಕೇಳುತ್ತ ಅವರ ಪೆನ್ನು ನಿಂತಿತು. ಮೇಲೆ ಮೋಡ ಒಡೆದಿತ್ತು. ಬೆಳಗಿನ ಎರಡರಷ್ಟು ನೀರು ಇಳಿದು ಬರುತ್ತಿತ್ತು.

“ಉಳಿದ ಗೇಟುಗಳನ್ನೂ ಎತ್ತಬೇಕು ಅಣ್ಣ. ಆಚೆ ದಡದ ಪೊಲೀಸರಿಗೆ ನಾನು ತಿಳಿಸ್ತೀನಿ. ನೀವು ಸೈರನ್…”

“ಒಂದು ನಿಮಿಷ ಮೇಡಂ” ಎಂದ ಗೇಟಣ್ಣ. ಆದೇಶ ಬಂದ ಮೇಲೆ ಅವನು ಒಂದು ನಿಮಿಷ ಕೇಳಿದ್ದು ಅದೇ ಮೊದಲು. ಮೇಡಂ ತಲೆಯಾಡಿಸಿ ತಮ್ಮ ಫೋನು ಹಿಡಿದು ಬಾಗಿಲ ಬಳಿ ಹೋದರು.

ಸೈರನ್ನಿಗೆ ಮೊದಲು ಅವನು ಮಗಳಿಗೆ ಫೋನ್ ಮಾಡಿದ.

“ಅಮ್ಮ, ಹೊರಡಿ.”

“ಯಾಕಪ್ಪ? ಇಳೀತಾ?”

“ಏರುತ್ತೆ. ಎಲ್ಲ ಗೇಟೂ ಎತ್ತುತ್ತಿದ್ದೀವಿ. ನೀವು ಬಂದ ದಾರಿಯಲ್ಲಿ ಇಟ್ಟಿಗೆ ಗೂಡಿನ ಹತ್ರ ತಗ್ಗು ಇದೆಯಲ್ಲ, ಹೊಳೆ ತುಂಬಿದ್ದಕ್ಕೆ ಅಲ್ಲಿಗೆ ಹಳ್ಳದ ನೀರು ಆಗಲೇ ಹಿಂದಕ್ಕೆ ಹತ್ತುತ್ತಿರುತ್ತೆ. ಅದು ಮುಚ್ಚಿಹೋಗೋ ಮೊದಲು ದಾಟಬೇಕು. ಈಗಲೇ.”

“ಊಟ ಅರ್ಧ ಆಗಿದೆ ಅಪ್ಪ…”

“ಕಟ್ಕೊಂಡು ಹೋಗಿ. ಮನೆಗೆ ಹೋಗಿ ತಿನ್ನಿ.”

ಅವಳು ಗಂಡನಿಗೆ ಡಬ್ಬಿ ಮುಚ್ಚಲು ಹೇಳಿದಳು. ಆಮೇಲೆ ಮೆಲ್ಲಗೆ, “ಸೈರನ್ ಆಯ್ತಾ?” ಎಂದಳು.

“ಇಲ್ಲ. ಇನ್ನು ಮೇಲೆ.”

“ಅಂದ್ರೆ ಮೊದಲು ನಮಗೆ ಹೇಳ್ತಿದ್ದೀಯ?”

“ಹೂಂ.”

ಅವಳು ಅತ್ತಳೋ ಮೂಗು ಒರೆಸಿಕೊಂಡಳೋ, ಮಳೆಯಲ್ಲಿ ತಿಳಿಯಲಿಲ್ಲ. “ಬನ್ನು ಮಾತಾಡ್ಬೇಕಂತೆ” ಎಂದಳು.

“ತಾತ, ನೀನೇ ಬಾ ಈ ಕಡೆ.”

“ಸೇತುವೆ ಇಲ್ಲವಲ್ಲೇ.”

“ಆ ಕಾಗೆ ಥರ ಬಾ.”

“ನನಗೆ ಯಾವ ಮರವೂ ಸೀಟು ಕೊಡಲ್ಲ. ಕೇಳಿಲ್ಲಿ, ಈಗ ತಾತ ಸೈರನ್ ಹಾಕ್ತಾನೆ. ಫೋನು ಕಿವಿಗೆ ಇಟ್ಕೋ.”

ಫೋನನ್ನು ಕಿಟಕಿಯ ಅಂಚಿನಲ್ಲಿಟ್ಟು ಗುಂಡಿ ಒತ್ತಿದ. ಮೂರು ಸಲ, ಉದ್ದಕ್ಕೆ. ಮೈಕಿನಲ್ಲಿ ಪ್ರಕಟಣೆ ಹೇಳಿದ. ತಗ್ಗು ಸೇತುವೆಯ ಮಾತು ಬಂದಾಗ ನಾಲಿಗೆ ತೊಡರಿತು. ಮತ್ತೊಮ್ಮೆ ಬಿಡಿಸಿ ಹೇಳಿದ. ಆಮೇಲೆ ಫೋನ್ ಎತ್ತಿಕೊಂಡ.

“ಕೇಳಿಸ್ತಾ?”

“ಹಸು ಕೂಗಿದ ಹಾಗಿದೆ” ಎಂದಳು ಬನ್ನು. ವ್ಯಾನಿನ ಬಾಗಿಲು ದಢಾರನೆ ಮುಚ್ಚಿದ ಸದ್ದು, ಸಾಲು ಕಟ್ಟಿ ಹೊರಟ ವಾಹನಗಳ ಹಾರನ್ನು. ಸಿಗ್ನಲ್ ತಪ್ಪಿತು.

ನಾಲ್ಕನೆಯ ಗೇಟಿನ ಸರದಿ ಬರುವ ಮುಂಚೆ ಗೇಟಣ್ಣ ಮೊಳೆಯಿಂದ ಹಳದಿ ಕೋಟನ್ನು ತೆಗೆದು ಕಿಟಕಿಯ ಹೊರಗೆ ತೂಗುಹಾಕಿದ. ಕಂಬಿಯ ಬಳಿ ನೂರಾರು ಜನ. ಯಾರೂ ಇತ್ತ ನೋಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದ ಹಳೆಯ ಕಾವಲುಗಾರ ಮಾತ್ರ ತಲೆಯೆತ್ತಿದ.

“ಅದ್ಯಾಕಣ್ಣ ಕೋಟು ಹೊರಗೆ?”

“ಒಣಗ್ಲಿ ಅಂತ.”

“ಈ ಮಳೆಯಲ್ಲಾ?”

ಗೇಟಣ್ಣ ಗುಂಡಿಯ ಕಡೆ ತಿರುಗಿದ. ಕಾವಲುಗಾರ ಒಂದು ಗಳಿಗೆ ಕೋಟನ್ನೇ ನೋಡಿದ. ಒಂದು ಕಾಲದಲ್ಲಿ ಬಟ್ಟೆ ಸುತ್ತಿದ ಬಿಸಿ ತೆನೆಯನ್ನು ಆ ಕಿಟಕಿಗೆ ಮುಟ್ಟಿಸುತ್ತಿದ್ದವನು ಅವನೇ. ಮತ್ತೆ ಏನನ್ನೂ ಕೇಳದೆ, ಕಂಬಿಯ ಮೇಲೆ ಹತ್ತುತ್ತಿದ್ದ ಯಾರನ್ನೋ ಗದರಿಸುತ್ತ ಹೋದ.

ಗೇಟು ಎದ್ದಿತು. ಜನ ಓ ಎಂದರು.

ಸಂಜೆ ಪಾಳಿ ಬದಲಾಗಿ ಮನೆಗೆ ಬಂದಾಗ ಪಕ್ಕದ ಮನೆಯಾಕೆ ಸೂಪಿನ ಪಾತ್ರೆ ತಂದಿಟ್ಟು, “ನೆಂಟರು ಎಲ್ಲಿ?” ಎಂದು ಕೇಳಿದಳು. ಹೇಳಿದ. “ನೀವೇ ಬಿಟ್ಟ ನೀರಾ?” ಎಂದು ಬಾಯಿಗೆ ಕೈ ಹಿಡಿದಳು. ನಗಬೇಕೋ ಬೇಡವೋ ಎಂದು ಅವಳಿಗೆ ತಿಳಿಯದಿದ್ದುದನ್ನು ನೋಡಿ ಗೇಟಣ್ಣನೇ ಮೊದಲು ನಕ್ಕ. ಅರ್ಧ ಸೂಪನ್ನು ಅವಳ ಮನೆಗೇ ಕಳಿಸಿದ. ಉಳಿದದ್ದನ್ನು ಕುಡಿದ, ಉಪ್ಪು ಸರಿಯಾಗಿತ್ತು.

ಒಲೆಗೆ ಇದ್ದಿಲು ಸುರಿದು ಬೀಸಣಿಗೆ ಬೀಸುತ್ತಿದ್ದಾಗ ಮಗಳ ಫೋನು.

“ಮುಟ್ಟಿದ್ವಿ ಅಪ್ಪ. ಇಟ್ಟಿಗೆ ಗೂಡಿನ ಹತ್ರ ಚಕ್ರ ಅರ್ಧ ಮುಳುಗ್ತಿತ್ತು. ಇನ್ನು ಸ್ವಲ್ಪ ತಡ ಆಗಿದ್ರೆ ಅಲ್ಲೇ ಉಳೀಬೇಕಿತ್ತು.”

“ಬನ್ನು?”

“ದಾರೀಲೇ ನಿದ್ದೆ. ಕೈಲಿ ಅರ್ಧ ತಿಂದ ಬನ್ನು. ಕಿತ್ಕೊಳ್ಳೋಕೆ ಹೋದ್ರೆ ನಿದ್ದೇಲೇ ಗುರ್ ಅಂತಾಳೆ.” ಅವಳು ನಕ್ಕಳು. “ಅಪ್ಪ, ನಿಜ ಹೇಳ್ಲಾ? ಎಷ್ಟು ವರ್ಷ ಆಗಿತ್ತು ಹೀಗೆ ಮೂರು ಜನ ಒಟ್ಟಿಗೆ ಮಳೇಲಿ ಕೂತು. ತುಂಬ ಚೆನ್ನಾಗಿತ್ತು. ಮುಂದಿನ ವರ್ಷ ದೊಡ್ಡ ಸೇತುವೆ ಕಡೆಯಿಂದ ಬರ್ತೀವಿ, ಹಿಂದಿನ ದಿನಾನೇ. ನೀನು ಗೇಟು ತೆಗಿ, ನಾವು ನೋಡ್ತೀವಿ.”

ಮುಂದಿನ ವರ್ಷ ಆ ಕ್ಯಾಬಿನ್ನಿನಲ್ಲಿ ಯಾರಿರುತ್ತಾರೆಂದು ಅವಳಿಗೂ ಗೊತ್ತಿತ್ತು. ಆ ಹೊತ್ತಿಗೆ ಮರೆತಿದ್ದಳು. ಗೇಟಣ್ಣ ನೆನಪಿಸಲಿಲ್ಲ. “ಬನ್ನಿ” ಎಂದ.

ಗೋಣಿಯಿಂದ ಒಂದು ತೆನೆ ತೆಗೆದು, ಸಿಪ್ಪೆ ಹಿಂದಕ್ಕೆ ಎಳೆದು, ಕೆಂಡದ ಮೇಲಿಟ್ಟ. ಕಾಳು ಚಟಪಟ ಎಂದಿತು. ಅಡುಗೆಮನೆಯ ಕಿಟಕಿಯಿಂದ ಗೇಟುಗಳು ಕಾಣವು; ಸದ್ದು ಮಾತ್ರ ಬರುತ್ತದೆ. ಅಷ್ಟೂ ವರ್ಷ ಸೈರನ್ ಆದ ಮೇಲೆ ಈ ಒಲೆಯ ಮುಂದೆ ಹೆಂಡತಿಗೆ ಮೊದಲು ದೊರಕುತ್ತಿದ್ದುದು ಈ ಸದ್ದೇ. ಮಧ್ಯಾಹ್ನದಿಂದ ಒಂದೇ ಸಮನೆ ಮೊರೆಯುತ್ತಿದ್ದ ಅದು ಈಗ ಒಂದು ಮೆಟ್ಟಿಲು ಇಳಿದಂತೆ ತಗ್ಗಿತು. ಅವನ ಕೈ ತೆನೆಯ ಮೇಲೇ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೆಟ್ಟಿಲು. ಮೇಲೆ ಮಳೆ ಬಿಟ್ಟಿರಬೇಕು. ಸಂಜೆ ಪಾಳಿಯವನು ಗೇಟುಗಳನ್ನು ಒಂದೊಂದಾಗಿ ಇಳಿಸುತ್ತಿದ್ದ. ಸದ್ದೇ ಹೇಳುತ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಊರು ಮಲಗುವ ಹೊತ್ತಿಗೆ ತಗ್ಗು ಸೇತುವೆ ನೀರಿನಿಂದ ಮೇಲೆ ಬಂದಿರುತ್ತದೆ, ಕೆಸರು ಮೆತ್ತಿಕೊಂಡು, ಖಾಲಿಯಾಗಿ.

ತೆನೆಯ ಒಂದು ಬದಿ ಕಪ್ಪಾಗಿತ್ತು. ಅದನ್ನು ತಿರುಗಿಸಿಟ್ಟು, ಎಳೆ ಜೋಳ ನಾಳೆಗೆ ಉಳಿಯದು ಎಂದುಕೊಂಡು, ಗೋಣಿಯಿಂದ ಇನ್ನೊಂದನ್ನು ತೆಗೆದ.